ಲ್ಯಾಪ್‌ಟಾಪ್‌ನಲ್ಲಿ ಕಾಣುವ ಹೂಜಿ ಸೈಟ್‌ನಲ್ಲಿ ಯಾಕೆ ಕಾಣಲಿಲ್ಲ?

ಬೀದರಿನ ಚೌಬಾರಾ ಹತ್ತಿರ ಬಿದ್ರಿ ಕೆಲಸ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕಲೆ) ಮಾಡುವ ಪರಿಚಯದ ಕಾಕಾ ಒಬ್ಬರಿದ್ದಾರೆ. ನನಗೆ ಕಲಿಯಲು ಒಂದು ನೆಪ ಬೇಕಿತ್ತು, ಅವರ ಅಂಗಡಿಗೆ ಪುಟ್ಟ ಸೈಟ್ ಮಾಡಿದೆ. ಗಿಟ್‌ಹಬ್‌ನಲ್ಲಿದ್ದ (ಆನ್‌ಲೈನ್‌ನಲ್ಲಿ ಕೋಡ್ ಇಡುವ ಜಾಗ) ಕೋಡನ್ನು ಹೋಸ್ಟಿಂಗ್‌ಗೆ, ಅಂದರೆ ಸೈಟನ್ನು ಜನರಿಗೆ ತೋರಿಸುವ ಸರ್ವರ್ ಸೇವೆಗೆ, ಏರಿಸುವಾಗ ಎಡವಿದ ಜಾಗಗಳು ಇವು.

ಮೊದಲು ದಾರಿ ನೋಡೋಣ. ನೀವು ಬದಲಾವಣೆಯನ್ನು ಗಿಟ್‌ನಲ್ಲಿ (ಕೋಡಿನ ಇತಿಹಾಸ ಇಡುವ ಸಾಧನ) ದಾಖಲಿಸ್ತೀರಿ, ಅದು ಕಮಿಟ್. ಆಮೇಲೆ ಅದನ್ನು ಗಿಟ್‌ಹಬ್‌ಗೆ ಕಳಿಸ್ತೀರಿ, ಅದು ಪುಶ್. ಗಿಟ್‌ಹಬ್ ಆ ಸುದ್ದಿಯನ್ನು ಹೋಸ್ಟಿಂಗ್‌ಗೆ ಮುಟ್ಟಿಸುತ್ತದೆ, ಇದಕ್ಕೆ ವೆಬ್‌ಹುಕ್ ಅಂತಾರೆ. ಹೋಸ್ಟಿಂಗ್ ನೀವು ಹೇಳಿದ ಬ್ರಾಂಚಿನ (ಕೋಡಿನ ಒಂದು ಕವಲು) ಕೋಡ್ ಇಳಿಸಿಕೊಂಡು, ಅದರಿಂದ ಸೈಟ್ ಸಿದ್ಧಪಡಿಸುವ ಬಿಲ್ಡ್ ಕಮಾಂಡ್ ಓಡಿಸಿ, ಸಿದ್ಧವಾದ ಫೋಲ್ಡರನ್ನು ಜನರ ಮುಂದಿಡುತ್ತದೆ. ಇಷ್ಟರಲ್ಲಿ ನಿಮ್ಮ ಲ್ಯಾಪ್‌ಟಾಪಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ. ರೆಪೊದಲ್ಲಿ (ಗಿಟ್‌ಹಬ್‌ನಲ್ಲಿರುವ ನಿಮ್ಮ ಕೋಡಿನ ಸಂಗ್ರಹ) ಇದ್ದದ್ದಷ್ಟೇ ಅದಕ್ಕೆ ಗೊತ್ತು.

ನಾನು ಸಿಕ್ಕಿಬಿದ್ದದ್ದು ಇಲ್ಲೇ. ಬಿಲ್ಡ್ ಹಸಿರು ಟಿಕ್ ತೋರಿಸಿತು. ಕಾಕಾಗೆ ಫೋನಿನಲ್ಲಿ ಸೈಟ್ ತೆಗೆದು ತೋರಿಸಿದೆ. ಕೋಟೆ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದರೆ ಸತು ಮತ್ತು ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ ಅಂತ ನಾನು ಬರೆದ ಪ್ಯಾರಾ ಚೆನ್ನಾಗೇ ಬಂದಿತ್ತು. ಅದರ ಮೇಲೆ ಬಿದ್ರಿ ಹೂಜಿಯ ಫೋಟೋ ಇರಬೇಕಾದ ಕಡೆ ಒಡೆದ ಚಿತ್ರದ ಗುರುತು! "ಹೂಜಿ ಎಲ್ಲದ?" ಅಂದರು ಕಾಕಾ.

ಆ ಫೋಟೋದ ಫೈಲ್ ಹೆಸರು ಕ್ಯಾಪಿಟಲ್ ಅಕ್ಷರದಿಂದ ಶುರುವಾಗಿತ್ತು, ಪುಟದ ಕೋಡಿನಲ್ಲಿ ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದಿದ್ದೆ. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಸರ್ವರ್ ಲಿನಕ್ಸ್, ಅದಕ್ಕೆ ಇವೆರಡೂ ಬೇರೆ ಬೇರೆ ಫೈಲು. ಸರಿ, ಎಕ್ಸ್‌ಪ್ಲೋರರ್‌ನಲ್ಲಿ ಹೆಸರು ಬದಲಿಸಿದೆ. ಗಿಟ್‌ಗೆ ಅದು ಬದಲಾವಣೆ ಅಂತಲೇ ಅನ್ನಿಸಲಿಲ್ಲ! ವಿಂಡೋಸ್‌ನಲ್ಲಿ ಗಿಟ್ ಕೂಡ ಅಕ್ಷರದ ದೊಡ್ಡ-ಸಣ್ಣ ವ್ಯತ್ಯಾಸ ಲೆಕ್ಕಕ್ಕೆ ಇಟ್ಟುಕೊಳ್ಳದ ಹಾಗೆ ಸೆಟ್ ಆಗಿರುತ್ತದೆ. 'ಗಿಟ್ ಎಂವಿ' ಕಮಾಂಡಿನಿಂದ ಹೆಸರು ಬದಲಿಸಿ ಮತ್ತೆ ಪುಶ್ ಮಾಡಿದ ಮೇಲೆ ಹೂಜಿ ಬಂತು. ಆವತ್ತಿನಿಂದ ಚಿತ್ರಗಳ ಹೆಸರೆಲ್ಲ ಸಣ್ಣಕ್ಷರದಲ್ಲೇ, ನಡುವೆ ಸ್ಪೇಸ್ ಇಲ್ಲ.

ಎರಡನೇ ಪಾಠ, ಪಾಸ್‌ವರ್ಡ್. ಡೇಟಾಬೇಸ್ ಪಾಸ್‌ವರ್ಡ್ ಇರುವ ಡಾಟ್ ಇಎನ್‌ವಿ ಫೈಲನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಗೆ, ಸೇರಿಸಬೇಕು. ಹಾಗಂದರೆ ಅದು ಸರ್ವರ್‌ಗೂ ಹೋಗಲ್ಲ, ಅಲ್ವಾ? ಅದಕ್ಕೇ ಹೋಸ್ಟಿಂಗ್ ಸೆಟ್ಟಿಂಗ್ಸ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತ ಜಾಗ ಇರುತ್ತದೆ, ಅಲ್ಲಿ ಕೈಯಿಂದ ತುಂಬಿ. ತಪ್ಪಿ ಒಮ್ಮೆ ಕಮಿಟ್ ಆಯ್ತು ಅಂತಿಟ್ಟುಕೊಳ್ಳಿ. ಸುಮ್ನೆ ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಮೊದಲು ಪಾಸ್‌ವರ್ಡನ್ನೇ ಬದಲಿಸಿ.

ಲಾಕ್ ಫೈಲನ್ನು ಮಾತ್ರ ಇಗ್ನೋರ್ ಮಾಡಬೇಡಿ. ಸೈಟ್ ಬಳಸುವ ಪ್ಯಾಕೇಜುಗಳ (ಬೇರೆಯವರು ಬರೆದ ಸಿದ್ಧ ಕೋಡ್) ನಿಖರ ಆವೃತ್ತಿ ಅದರಲ್ಲಿರುತ್ತದೆ, ಸರ್ವರ್‌ಗೂ ಅದೇ ಬೇಕು.

ಹೊಸ ಕೋಡ್ ಸೈಟ್ ಕೆಡಿಸಿದರೆ 'ಗಿಟ್ ರಿವರ್ಟ್' ಒಳ್ಳೆಯದು. ಅದು ಇತಿಹಾಸ ಅಳಿಸಲ್ಲ, ಹಿಂದಿನ ಬದಲಾವಣೆಯನ್ನು ತಿರುಗಿಸುವ ಹೊಸ ಕಮಿಟ್ ಸೇರಿಸುತ್ತದೆ. ಪುಶ್ ಮಾಡಿದರೆ ಮತ್ತೆ ಡಿಪ್ಲಾಯ್ ಆಗುತ್ತದೆ, ಅಂದರೆ ಸೈಟ್ ಹೊಸದಾಗಿ ಏರುತ್ತದೆ. ಆದರೆ ಡೇಟಾಬೇಸ್ ಗಿಟ್‌ನಲ್ಲಿ ಇಲ್ಲ, ಹಾಗಾಗಿ ಅದು ಹಿಂದೆ ಬರಲ್ಲ. ಸೈಟ್ ಮೂಲಕ ಅಪ್‌ಲೋಡ್ ಮಾಡಿದ ಫೋಟೋಗಳ ಕಥೆ ಇನ್ನೂ ಕಷ್ಟ: ಕೆಲವು ಹೋಸ್ಟಿಂಗ್‌ಗಳಲ್ಲಿ ಪ್ರತಿ ಡಿಪ್ಲಾಯ್‌ಗೂ ಡಿಸ್ಕ್ ಹೊಸದು, ಹಳೆಯ ಫೋಟೋ ಮಾಯ. ಕಾಕಾ ಆರ್ಡರ್ ಫೋಟೋ ಹಾಕಲು ಒಂದು ಫಾರ್ಮ್ ಕೇಳಿದ್ದಾರೆ. ಫೋಟೋ ಇಡಲು ಬೇರೆ ಸ್ಟೋರೇಜ್ ಜೋಡಿಸುವವರೆಗೆ ನಾನು ಅದನ್ನು ತೆರೆಯಲ್ಲ.