ಫೈನಲೈಜ್ ಅನ್ನು ನಾವೇ ಯಾಕೆ ಕರೆಯಬಾರದು?

ಗಂಗಾವತಿಯ ಒಂದು ಅಕ್ಕಿ ಗಿರಣಿ ಅಂದುಕೊಳ್ಳಿ. ವೇಬ್ರಿಡ್ಜ್ ಮೇಲೆ ಭತ್ತದ ಲಾರಿ ನಿಂತಿದೆ. ತೂಕ ಓದಿ ಚೀಟಿ ಕೊಡುವ ಸಾಫ್ಟ್‌ವೇರ್ ಜಾವಾದಲ್ಲಿದೆ, ತೂಕದ ಯಂತ್ರದ ಜೊತೆ ಮಾತಾಡುವ ದಾರಿಯಾದ ಪೋರ್ಟನ್ನು ನೋಡಿಕೊಳ್ಳುವ ಭಾಗ ಮಾತ್ರ ಸಿ ಭಾಷೆಯಲ್ಲಿ. ತೂಕ ಓದಿದ ತಕ್ಷಣ ಪೋರ್ಟ್ ಮುಚ್ಚಲಿ ಅಂತ ಕೋಡ್ ಬರೆದವರು ಪೋರ್ಟಿಗಾಗಿ ಜಾವಾದಲ್ಲಿ ಮಾಡಿಟ್ಟ ಆಬ್ಜೆಕ್ಟಿನ ಫೈನಲೈಜ್ ಮೆಥಡ್ ಅನ್ನು, ಅಂದರೆ ಆಬ್ಜೆಕ್ಟ್ ಬೇಡವಾದ ಮೇಲೆ ಜಾವಾ ತಾನೇ ಓಡಿಸಬೇಕಾದ ಕೋಡನ್ನು, ತಾವೇ ಕರೆದಿದ್ದಾರೆ.

ಪೋರ್ಟ್ ಮುಚ್ಚಿತು. ಆಪರೇಟಿಂಗ್ ಸಿಸ್ಟಂ ಅದಕ್ಕೆ ಕೊಟ್ಟಿದ್ದ ನಂಬರ್, 7 ಅನ್ನೋಣ, ಖಾಲಿಯಾಯಿತು. ಆಮೇಲೆ ತೆರೆದ ಚೀಟಿಯ ಫೈಲಿಗೆ ಅದೇ 7 ಸಿಕ್ಕಿತು. ಸ್ವಲ್ಪ ಹೊತ್ತಿಗೆ, ಬೇಡವಾದ ಆಬ್ಜೆಕ್ಟುಗಳ ಮೆಮೊರಿ ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್ ಕಣ್ಣಿಗೆ ಹಳೆ ಆಬ್ಜೆಕ್ಟ್ ಬಿತ್ತು, ಫೈನಲೈಜ್ ಇನ್ನೊಮ್ಮೆ ಓಡಿತು. ಆಗಲೇ ಮುಚ್ಚಿದೆಯಾ ಅಂತ ಸಿ ಕೋಡ್ ನೋಡಿಕೊಳ್ಳದಿದ್ದರೆ ಮತ್ತೆ 7 ಅನ್ನೇ ಮುಚ್ಚುತ್ತದೆ. ಈ ಸಲ ಮುಚ್ಚಿಹೋದದ್ದು ಚೀಟಿಯ ಫೈಲ್. ತಪ್ಪು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. ಇಂಥದ್ದನ್ನು ಹುಡುಕುವುದು ಬಹಳ ಕಷ್ಟ.

ನಾವು ಕರೆದರೆ ಅದು ಮಾಮೂಲಿ ಮೆಥಡ್ ಕರೆ ಅಷ್ಟೇ. ಮೆಮೊರಿ ಖಾಲಿಯಾಗುವುದಿಲ್ಲ. ನಾವು ಕರೆದಿದ್ದೇವೆ ಅಂತ ಜೆವಿಎಂ, ಅಂದರೆ ಜಾವಾ ಕೋಡನ್ನು ಓಡಿಸುವ ವ್ಯವಸ್ಥೆ, ತನ್ನ ಪಾಲಿನ ಕರೆಯನ್ನು ಬಿಡುವುದೂ ಇಲ್ಲ. ಅದಕ್ಕೇ ಸಾಫ್ಟ್‌ವೇರ್ ದೌರ್ಬಲ್ಯಗಳನ್ನು ನಂಬರ್ ಹಾಕಿ ಪಟ್ಟಿ ಮಾಡುವ ಅಮೆರಿಕದ ಮೈಟರ್ ಸಂಸ್ಥೆಯ ಸಿಡಬ್ಲ್ಯುಇ ಪಟ್ಟಿಯಲ್ಲಿ ಇದು 586ನೇ ನಂಬರಿನ ದೌರ್ಬಲ್ಯ. ಫೈನಲೈಜ್ ಒಳಗಿಂದಲೇ ಸೂಪರ್ ಕ್ಲಾಸಿನ, ಅಂದರೆ ಮೂಲ ಕ್ಲಾಸಿನ, ಫೈನಲೈಜ್ ಕರೆಯುವುದು ಬೇರೆ ಮಾತು, ಅದು ಸರಿಯೇ.

ಈ ಅಭ್ಯಾಸ ಬಂದದ್ದು ಸಿ++ ಕಡೆಯಿಂದ ಅಂತ ನನ್ನ ಅಂದಾಜು. ಅಲ್ಲಿ ಕೋಡಿನ ಒಂದು ಬ್ಲಾಕ್ ಮುಗಿದ ಕೂಡಲೇ ಅದರ ಆಬ್ಜೆಕ್ಟುಗಳನ್ನು ಮುಗಿಸುವ ಡಿಸ್ಟ್ರಕ್ಟರ್ ಓಡುತ್ತದೆ. 1996ರಲ್ಲಿ ಜಾವಾ ಬಂದಾಗ ಫೈನಲೈಜ್ ಕೂಡ ಹಾಗೇ ಅಂತ ನಂಬಿದವರು ಜಾಸ್ತಿ. ಆದರೆ ಅದು ಯಾವಾಗ ಓಡುತ್ತದೆ, ಓಡುತ್ತದೋ ಇಲ್ಲವೋ ಅನ್ನುವುದಕ್ಕೆ ಗ್ಯಾರಂಟಿಯೇ ಇರಲಿಲ್ಲ. ಕಾದು ಸಾಕಾದವರು ತಾವೇ ಕರೆಯತೊಡಗಿದರು. ಅವರನ್ನಷ್ಟೇ ಬೈದು ಪ್ರಯೋಜನವಿಲ್ಲ, ಭಾಷೆಯ ವಿನ್ಯಾಸದಲ್ಲೇ ಕೊರತೆಯಿತ್ತು.

2011ರಲ್ಲಿ ಜಾವಾ 7 ಟ್ರೈ-ವಿತ್-ರಿಸೋರ್ಸಸ್ ತಂದಿತು. ಅದರಲ್ಲಿ ತೆರೆದ ಫೈಲು, ಪೋರ್ಟುಗಳು ಬ್ಲಾಕ್ ಮುಗಿದರೆ ತಾವಾಗಿಯೇ ಕ್ಲೋಸ್ ಆಗುತ್ತವೆ. 2017ರ ಜಾವಾ 9 ಫೈನಲೈಜ್ ಬಳಸಬೇಡಿ ಅಂದಿತು. 2022ರ ಜಾವಾ 18 ಅದನ್ನು ಮುಂದೆ ತೆಗೆದೇ ಹಾಕುತ್ತೇವೆ ಅಂತ ಗುರುತು ಹಾಕಿತು.

ಬಳ್ಳಾರಿ, ರಾಯಚೂರಿನ ಕಾಲೇಜುಗಳಲ್ಲಿ ಜಾವಾ ಕಲಿಯುವವರು ಹೆಸರು ಮಾತ್ರ ಹೋಲುವ ಫೈನಲ್, ಫೈನಲಿ, ಫೈನಲೈಜ್ ವ್ಯತ್ಯಾಸವನ್ನು ಸುಮ್ನೆ ಬಾಯಿಪಾಠ ಮಾಡಬಾರದು. ಈ ಕಥೆಯನ್ನೂ ಜೊತೆಗೆ ಹೇಳಿಕೊಡಬೇಕು.

ಹಳೆ ಕೋಡ್ ಇಟ್ಟುಕೊಂಡವರಿಗೆ ಜಾವಾ 18ರಲ್ಲಿ ಫೈನಲೈಸೇಶನ್, ಅಂದರೆ ಜೆವಿಎಂ ತಾನೇ ಫೈನಲೈಜ್ ಓಡಿಸುವುದನ್ನು, ಆಫ್ ಮಾಡುವ ಆಯ್ಕೆಯೂ ಇದೆ. ಆದರೆ ಅದು ತಡೆಯುವುದು ಜೆವಿಎಂ ಮಾಡುವ ಕರೆಯನ್ನು ಮಾತ್ರ. ನಾವು ಬರೆದಿಟ್ಟ ಕರೆ ಹಾಗೇ ಓಡುತ್ತದೆ. ಅದನ್ನು ಕೋಡಿನಲ್ಲಿ ಹುಡುಕಿ ನಾವೇ ಅಳಿಸಬೇಕು.