20 ಗೆಲುವು, 134 ಸೋಲು: 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್

ಅಮೆರಿಕದ ಹಳೇ ಬೇಸ್‌ಬಾಲ್ ಬಗ್ಗೆ ಓದುತ್ತಿರುವವರು ಒಂದೇ ಒಂದು ಸೀಸನ್ ಹಿಡಿದು ಕೂರಬೇಕು ಅಂದರೆ ನಾನು 1899ನ್ನೇ ತೋರಿಸುತ್ತೇನೆ. ಆ ವರ್ಷ ನ್ಯಾಷನಲ್ ಲೀಗ್‌ನ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡ 154 ಪಂದ್ಯ ಆಡಿ 20 ಗೆದ್ದಿತು, 134 ಸೋತಿತು. ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತಿ ಮೇಲಿನ ಮಟ್ಟದ ಬೇಸ್‌ಬಾಲ್‌ನಲ್ಲಿ, ಒಂದು ಸೀಸನ್‌ಗೆ ಇಷ್ಟು ಸೋತ ತಂಡ ಇನ್ನೊಂದಿಲ್ಲ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತಿದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿಂದಲೂ ಈ ಅಂಕಿ ಇನ್ನೂ 13 ಪಂದ್ಯ ದೂರ.

ಈ ಅಂಕಿ ನೋಡಿದ ಕೂಡಲೇ ನಗು ಬರುತ್ತದೆ. ಆದರೆ ಸ್ವಲ್ಪ ತಾಳಿ. ಇದು ಆಟ ಬರದವರ ಕಥೆ ಅಲ್ಲ, ಮಾಲೀಕರು ತಮ್ಮದೇ ತಂಡವನ್ನು ಕೈಯಾರೆ ಬರಿದು ಮಾಡಿದ ಕಥೆ.

ಮೊದಲು ಹಿನ್ನೆಲೆ. 1891ರ ಕೊನೆಗೆ ಎದುರಾಳಿ ಲೀಗ್ ಅಮೆರಿಕನ್ ಅಸೋಸಿಯೇಷನ್ ಮುಚ್ಚಿಹೋಯಿತು. ಅದರ ನಾಲ್ಕು ತಂಡಗಳು ನ್ಯಾಷನಲ್ ಲೀಗ್‌ಗೆ ಸೇರಿ ಒಟ್ಟು 12 ತಂಡಗಳಾದವು. ದೊಡ್ಡ ಲೀಗ್ ಅಂತ ಉಳಿದಿದ್ದು ಇದೊಂದೇ. ಆಟಗಾರ ಒಂದು ತಂಡಕ್ಕೆ ಸೇರಿದರೆ ಆ ತಂಡವೇ ಅವನನ್ನು ಬಿಟ್ಟುಕೊಡುವವರೆಗೂ ಅಲ್ಲೇ ಇರಬೇಕು ಎಂಬ ಕರಾರು ಬೇರೆ. ಇದರ ಜೊತೆಗೆ, ಒಬ್ಬರೇ ಮಾಲೀಕರು ಎರಡು ತಂಡಗಳಲ್ಲಿ ಪಾಲು ಇಟ್ಟುಕೊಳ್ಳಬಹುದಿತ್ತು. ಇದನ್ನು ಸಿಂಡಿಕೇಟ್ ಎನ್ನುತ್ತಿದ್ದರು. ಐಪಿಎಲ್‌ನಲ್ಲಿ ಒಬ್ಬರೇ ಎರಡು ತಂಡ ಕೊಂಡು, ಒಂದರ ಒಳ್ಳೆ ಆಟಗಾರರನ್ನೆಲ್ಲ ಇನ್ನೊಂದಕ್ಕೆ ಸಾಗಿಸಿದರೆ ಹೇಗಿರುತ್ತದೆ, ಯೋಚಿಸಿ.

ಸ್ಪೈಡರ್ಸ್ ಮಾಲೀಕರು ಫ್ರ್ಯಾಂಕ್ ಮತ್ತು ಸ್ಟ್ಯಾನ್ಲಿ ರಾಬಿಸನ್ ಎಂಬ ಅಣ್ಣತಮ್ಮಂದಿರು. ಕ್ಲೀವ್‌ಲ್ಯಾಂಡ್‌ನಲ್ಲಿ ಟ್ರಾಮ್ ಓಡಿಸುತ್ತಿದ್ದವರು. ತಂಡವೇನೂ ಸಾಮಾನ್ಯದ್ದಲ್ಲ. 1895ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಅನ್ನು ಸೋಲಿಸಿ ಟೆಂಪಲ್ ಕಪ್ (ಲೀಗ್‌ನ ಮೊದಲ ಎರಡು ತಂಡಗಳ ನಡುವಿನ ಸರಣಿ) ಗೆದ್ದಿತ್ತು. 1898ರಲ್ಲಿ 81 ಪಂದ್ಯ ಗೆದ್ದು ಐದನೇ ಸ್ಥಾನದಲ್ಲಿತ್ತು. ಕೊರತೆ ಇದ್ದಿದ್ದು ಜನರದ್ದು. ಕ್ಲೀವ್‌ಲ್ಯಾಂಡ್‌ನಲ್ಲಿ ಭಾನುವಾರದ ಆಟಕ್ಕೆ ಅಡ್ಡಿ ಇತ್ತು. 1897ರಲ್ಲಿ ಭಾನುವಾರ ಆಡಿದ್ದಕ್ಕೆ ಆಟಗಾರರನ್ನು ಪೊಲೀಸರು ಹಿಡಿದೂ ಇದ್ದರು. ವಾರಕ್ಕೆ ಆರು ದಿನ ದುಡಿಯುವವರಿಗೆ ಬಿಡುವು ಸಿಗುವುದು ಭಾನುವಾರವೇ ಅಲ್ವಾ? ಅಂದು ಆಟ ಇಲ್ಲ ಅಂದರೆ ಗೇಟ್ ಹಣ ಎಲ್ಲಿಂದ ಬರಬೇಕು?

1899ರ ಆರಂಭದಲ್ಲಿ ಸೇಂಟ್ ಲೂಯಿಸ್ ತಂಡ ದಿವಾಳಿಯಾಗಿ ಹರಾಜಿಗೆ ಬಂತು. ಅದು ದೊಡ್ಡ ಊರು, ಭಾನುವಾರ ಆಟವೂ ಉಂಟು. ಆ ತಂಡ ರಾಬಿಸನ್‌ರ ಕೈಗೆ ಬಂತು. ಹಳೇ ತಂಡವನ್ನು ಅವರು ಮಾರಲಿಲ್ಲ, ಸುಮ್ನೆ ಬರಿದು ಮಾಡಿದರು. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಸೈ ಯಂಗ್, 1895 ಮತ್ತು 1896ರಲ್ಲಿ ಬ್ಯಾಟಿಂಗ್ ಸರಾಸರಿ .400 (ಹತ್ತರಲ್ಲಿ ನಾಲ್ಕು ಸಲ ಹೊಡೆದು ಬೇಸ್ ತಲುಪುವುದು) ದಾಟಿಸಿದ್ದ ಜೆಸ್ಸಿ ಬರ್ಕೆಟ್, ಬಾಬಿ ವ್ಯಾಲೇಸ್, ಮ್ಯಾನೇಜರ್ ಪ್ಯಾಟ್ಸಿ ಟೀಬೋ, ಎಲ್ಲರೂ ಸೇಂಟ್ ಲೂಯಿಸ್‌ಗೆ ಹೋದರು. ಆ ತಂಡಕ್ಕೆ ಪರ್ಫೆಕ್ಟೋಸ್ ಅಂತ ಹೊಸ ಹೆಸರು. ಏಪ್ರಿಲ್ 15ರ ಮೊದಲ ಪಂದ್ಯ ಈ ಎರಡು ತಂಡಗಳ ನಡುವೆಯೇ ಬಿತ್ತು. ಸೈ ಯಂಗ್ ತನ್ನ ಹಳೇ ತಂಡದ ಎದುರು ಚೆಂಡು ಎಸೆದರು. ಪರ್ಫೆಕ್ಟೋಸ್ 10, ಸ್ಪೈಡರ್ಸ್ 1.

ಇನ್ನು ಈ ಸೀಸನ್‌ನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಲೆಕ್ಕ. 12 ತಂಡ ಅಂದರೆ ಪ್ರತಿ ತಂಡಕ್ಕೂ 11 ಎದುರಾಳಿ. ಒಬ್ಬೊಬ್ಬರ ಜೊತೆ 14 ಪಂದ್ಯ, ಒಟ್ಟು 154. ಅರ್ಧ ಮನೆಯಂಗಳದಲ್ಲಿ, ಅರ್ಧ ಹೊರಗೆ, ಅಂದರೆ 77–77 ಆಗಬೇಕಿತ್ತು. ಆದರೆ ಸ್ಪೈಡರ್ಸ್ ಕ್ಲೀವ್‌ಲ್ಯಾಂಡ್‌ನಲ್ಲಿ ಆಡಿದ್ದು ಬರೀ 42. ಉಳಿದ 35 ಪಂದ್ಯ ಎಲ್ಲಿ ಹೋದವು? ಬೇರೆ ಊರುಗಳಿಗೆ ಹೋದವು. ಆ 42 ಪಂದ್ಯಗಳಿಗೆ ಬಂದ ಒಟ್ಟು ಜನ 6,088. ಪಂದ್ಯಕ್ಕೆ ಸುಮಾರು 145 ಜನ! ಬಂದ ತಂಡಕ್ಕೆ ಟಿಕೆಟ್ ಹಣದಲ್ಲಿ ಒಂದು ಪಾಲು ಸಿಗುತ್ತಿತ್ತು. 145 ಜನರ ಹಣದಲ್ಲಿ ಹೋಟೆಲ್, ರೈಲು ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಬೇರೆ ತಂಡಗಳು ಕ್ಲೀವ್‌ಲ್ಯಾಂಡ್‌ಗೆ ಬರಲ್ಲ ಅಂದುಬಿಟ್ಟವು. ಸ್ಪೈಡರ್ಸ್ 112 ಪಂದ್ಯ ಪರಸ್ಥಳದಲ್ಲೇ ಆಡಿ 101 ಸೋತಿತು. ಪತ್ರಿಕೆಗಳು ಈ ತಂಡವನ್ನು ಅಲೆಮಾರಿಗಳು ಅಂತ ಕರೆಯತೊಡಗಿದವು. ಈಗ ಒಂದು ಸೀಸನ್‌ಗೆ ಹೊರಗಿನ ಪಂದ್ಯ ಇರುವುದೇ 81, ಹಾಗಾಗಿ ಆ 101ನ್ನು ಯಾರೂ ಮುಟ್ಟಲಾರರು.

ಪಟ್ಟಿಯಲ್ಲಿ 'ಮೊದಲ ಸ್ಥಾನಕ್ಕಿಂತ 84 ಪಂದ್ಯ ಹಿಂದೆ' ಎಂದಿರುತ್ತದೆ. ಇದನ್ನೂ ಬಿಡಿಸಿಕೊಳ್ಳಿ. ಮೊದಲು ಬಂದ ಬ್ರೂಕ್ಲಿನ್ 101 ಗೆದ್ದು 47 ಸೋತಿತ್ತು. ಗೆಲುವಿನ ವ್ಯತ್ಯಾಸ 81, ಸೋಲಿನ ವ್ಯತ್ಯಾಸ 87. ಕೂಡಿಸಿ ಎರಡರಿಂದ ಭಾಗಿಸಿದರೆ 84. ಈ ಬ್ರೂಕ್ಲಿನ್ ಕೂಡ ಸಿಂಡಿಕೇಟ್ ತಂಡವೇ, ಬಾಲ್ಟಿಮೋರ್‌ನ ಒಳ್ಳೆ ಆಟಗಾರರಿಂದ ಕಟ್ಟಿದ್ದು. ಇಷ್ಟೆಲ್ಲ ಮಾಡಿಯೂ ಪರ್ಫೆಕ್ಟೋಸ್‌ಗೆ ಸಿಕ್ಕಿದ್ದು ಐದನೇ ಸ್ಥಾನ, ಹಿಂದಿನ ವರ್ಷ ಕ್ಲೀವ್‌ಲ್ಯಾಂಡ್‌ಗೆ ಸಿಕ್ಕಿದ್ದ ಸ್ಥಾನವೇ.

ನನಗೆ ಮನಸ್ಸು ಹೋಗುವುದು ಉಳಿದವರ ಕಡೆಗೆ. ಮೊದಲ ಮ್ಯಾನೇಜರ್ ಲೇವ್ ಕ್ರಾಸ್ 38 ಪಂದ್ಯಗಳಲ್ಲಿ 8 ಗೆಲ್ಲಿಸಿದರು. ಅವರನ್ನೂ ಸೇಂಟ್ ಲೂಯಿಸ್‌ಗೆ ಎಳೆದುಕೊಂಡರು. ಆಮೇಲೆ ಹೊಣೆ ಬಿದ್ದಿದ್ದು ಎರಡನೇ ಬೇಸ್ ಕಾಯುತ್ತಿದ್ದ ಜೋ ಕ್ವಿನ್ ಮೇಲೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಮೇಜರ್ ಲೀಗ್ ಆಡಿದ ಮೊದಲಿಗ ಆತ. ಅವರ ಕೈಕೆಳಗೆ ತಂಡ 12 ಗೆದ್ದು 104 ಸೋತಿತು. ಪಿಚರ್ ಜಿಮ್ ಹ್ಯೂಯಿ ಹೆಸರಲ್ಲೇ 30 ಸೋಲು. ಒಮ್ಮೆ ಸತತ 24 ಸೋಲು. ಕೊನೆಯ 41 ಪಂದ್ಯಗಳಲ್ಲಿ ಗೆಲುವು ಒಂದೇ. ಆದರೂ ಆ ಹುಡುಗರು ಬ್ಯಾಗ್ ಎತ್ತಿಕೊಂಡು ಊರಿಂದ ಊರಿಗೆ ಹೋಗಿ 154 ಪಂದ್ಯವನ್ನೂ ಆಡಿ ಮುಗಿಸಿದರು. ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಕೊನೆಯ ಪಂದ್ಯ. ಅವತ್ತು ಚೆಂಡು ಎಸೆದವನು ಎಡ್ಡಿ ಕೋಲ್ಬ್, ಸಿಗಾರ್ ಅಂಗಡಿಯ ಗುಮಾಸ್ತ. ಫಲಿತಾಂಶ 19–3. ಮೇಜರ್ ಲೀಗ್‌ನಲ್ಲಿ ಆತ ಆಡಿದ ಪಂದ್ಯ ಅದೊಂದೇ.

ಸೀಸನ್ ಮುಗಿದ ಮೇಲೆ ಲೀಗ್ 12ರಿಂದ 8 ತಂಡಕ್ಕೆ ಇಳಿಯಿತು. ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್, ಲೂಯಿವಿಲ್ ಹೊರಬಿದ್ದವು. ಎರಡೇ ವರ್ಷಕ್ಕೆ, 1901ರಲ್ಲಿ, ಅಮೆರಿಕನ್ ಲೀಗ್ ಮೇಜರ್ ಲೀಗ್ ಆಗಿ ಕಣಕ್ಕಿಳಿಯಿತು. ಅದರ 8 ತಂಡಗಳಲ್ಲಿ ಮೂರು ಇದೇ ಊರುಗಳವು: ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್. ಸೈ ಯಂಗ್ ಕೂಡ ಸೇಂಟ್ ಲೂಯಿಸ್ ಬಿಟ್ಟು ಆ ಹೊಸ ಲೀಗ್‌ನ ಬೋಸ್ಟನ್ ತಂಡ ಸೇರಿಕೊಂಡರು.