ಕಡತದೊಳಗಿನ ಫ್ಲಾಪಿಯನ್ನು ಮೊದಲು ನೋಡಿ

ಮಲೆನಾಡಿನ ಹಳೇ ಸಂಘ, ಸೊಸೈಟಿ, ಶಾಲೆಗಳ ಕಪಾಟಿನಲ್ಲಿ 1990ರ ದಶಕದ ಕಡತಗಳಿದ್ದರೆ, ನಡಾವಳಿ ಪುಸ್ತಕ, ಅಡಿಕೆ ಲೆಕ್ಕ, ಯಕ್ಷಗಾನದ ಕರಪತ್ರಗಳ ಮಧ್ಯೆ ಹಳೇ ಕಂಪ್ಯೂಟರಿನ ಡಿಸ್ಕಾದ ಫ್ಲಾಪಿಯೋ ಸೀಡಿಯೋ ಸಿಗಬಹುದು. ಅದರಲ್ಲಿ ಸ್ಮರಣ ಸಂಚಿಕೆಯ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ ಫೈಲು ಇರುತ್ತದೆ, ಇಲ್ಲಾ ಸದಸ್ಯರ ಪಟ್ಟಿ. ಕಾಗದ ಜೋಡಿಸುವವರು ಅದನ್ನು ಆಮೇಲೆ ನೋಡೋಣ ಅಂತ ಪಕ್ಕಕ್ಕಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾಗದ ಇನ್ನೂ ಹತ್ತು ವರ್ಷ ಕಾದೀತು, ಫ್ಲಾಪಿ ಕಾಯುವುದಿಲ್ಲ. ಅದರೊಳಗಿರುವುದು ತೆಳು ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಅಯಸ್ಕಾಂತದ ಗುಣವಿರುವ ಪುಡಿ. ಗಾಳಿಯ ತೇವ ಆ ಅಂಟನ್ನು ನಿಧಾನವಾಗಿ ಒಡೆಯುತ್ತದೆ, ಜೊತೆಗೆ ಬೂಷ್ಟು ಹಿಡಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮುಚ್ಚಿದ ಕಪಾಟಿನ ಗತಿ ಗೊತ್ತಲ್ವಾ? ಮನೆಯಲ್ಲಿ ಬರೆದ ಸೀಡಿಯಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಒಂದು ಪದರದಲ್ಲಿ, ಬೆಳಕು, ಸೆಖೆ ಎರಡೂ ಅದಕ್ಕೆ ಆಗದು. ಪೆನ್‌ಡ್ರೈವ್ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಅದರಲ್ಲಿನ ವಿದ್ಯುತ್ ಕಣಗಳು ಸೋರಿ ಹೋಗುತ್ತವೆ.

ಸಿಕ್ಕ ತಕ್ಷಣ ಕುತೂಹಲಕ್ಕೆ ಡ್ರೈವಿಗೆ ಹಾಕಬೇಡಿ. ಬೂಷ್ಟಿದ್ದರೆ ಓದುವ ಹೆಡ್ ಬಿಲ್ಲೆಯನ್ನು ಕೆರೆಯುತ್ತದೆ, ಮುಂದೆ ಹಾಕುವ ಫ್ಲಾಪಿಗೂ ಅದನ್ನೇ ಅಂಟಿಸುತ್ತದೆ. ಮೊದಲು ಅದು ಯಾವ ಕಡತದಲ್ಲಿ, ಯಾವ ಪತ್ರದ ಪಕ್ಕ ಇತ್ತು ಅಂತ ಫೋಟೋ ತೆಗೆಯಿರಿ. ತೆಗೆದ ಜಾಗದಲ್ಲಿ ನಂಬರ್ ಬರೆದ ಚೀಟಿ ಇಡಿ, ಅದೇ ನಂಬರ್ ಫ್ಲಾಪಿಯ ಕವರಿನ ಮೇಲೂ ಇರಲಿ. ಈ ನಂಟು ತಪ್ಪಿದರೆ, ಒಳಗಿನ ಪಟ್ಟಿ ಯಾವ ಸಂಘದ್ದು, ಯಾವ ವರ್ಷದ್ದು ಅಂತ ಹೇಳುವವರೇ ಇರುವುದಿಲ್ಲ.

ಆಮೇಲೆ ನಕಲು. ಮೂರೂವರೆ ಇಂಚಿನ ಫ್ಲಾಪಿಯಾದರೆ ಮೂಲೆಯ ಪುಟ್ಟ ಗುಂಡಿ ಸರಿಸಿ ಕಿಂಡಿ ತೆರೆಯಿರಿ, ಆಗ ಕಂಪ್ಯೂಟರ್ ಅದರ ಮೇಲೆ ಏನೂ ಬರೆಯಲಾರದು. ಬಿಡಿ ಫೈಲುಗಳನ್ನಲ್ಲ, ಇಡೀ ಡಿಸ್ಕನ್ನೇ ಒಂದು ಇಮೇಜ್ ಆಗಿ, ಅಂದರೆ ಒಂದೇ ಫೈಲಿನಲ್ಲಿ ತದ್ರೂಪು ನಕಲಾಗಿ ತೆಗೆಯಿರಿ. 1.44 ಎಂಬಿ ಅಷ್ಟೇ, ಇವತ್ತಿನ ಒಂದು ಫೋಟೋಗಿಂತ ಚಿಕ್ಕದು. ಇಮೇಜಿನ ಚೆಕ್‌ಸಮ್, ಅಂದರೆ ಫೈಲಿನ ಒಳಗಿನದರಿಂದ ಕಂಪ್ಯೂಟರ್ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಂಡರೆ ಮುಂದೆ ಒಂದು ಬಿಟ್ ಬದಲಾದರೂ ತಿಳಿಯುತ್ತದೆ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ಮೂರೂವರೆ ಇಂಚಿನ ಫ್ಲಾಪಿ ಓದುವ ಯುಎಸ್‌ಬಿ ಡ್ರೈವ್ ಇನ್ನೂ ಸಿಗುತ್ತದೆ, ಆದರೆ ಐದೂಕಾಲು ಇಂಚಿನದಕ್ಕೆ ಹಳೇ ಡ್ರೈವನ್ನೇ ಹುಡುಕಬೇಕು.

ಇಷ್ಟಾದ ಮೇಲೂ ನಮಗೆ ಇನ್ನೊಂದು ತೊಡಕಿದೆ. ಫೈಲ್ ತೆರೆಯುತ್ತದೆ, ಆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೂ ನಮ್ಮ ಡಿಟಿಪಿ ಅಂಗಡಿಗಳು ಬಹುಕಾಲ ಈ ಫಾಂಟುಗಳಲ್ಲೇ ಕೆಲಸ ಮಾಡಿದವು. ಸರಿಯಾದ ಫಾಂಟ್ ಗೊತ್ತಾದರೆ ಯುನಿಕೋಡ್‌ಗೆ ಬದಲಾಯಿಸಬಹುದು, ಮೂಲ ಫೈಲನ್ನೂ ಹಾಗೇ ಇಟ್ಟುಕೊಳ್ಳಬೇಕು. ಅಂದು ಅಕ್ಷರ ಜೋಡಿಸಿದವರು ಶಿವಮೊಗ್ಗ, ಸಾಗರದಲ್ಲಿ ಇನ್ನೂ ಸಿಗುತ್ತಾರೆ. ಯಾವ ಫಾಂಟ್, ಯಾವ ಸಾಫ್ಟ್‌ವೇರ್ ಅಂತ ಅವರನ್ನು ಈಗಲೇ ಕೇಳಿ, ಫ್ಲಾಪಿಯ ಕವರಿನ ಮೇಲೆ ಬರೆದಿಡಿ.